ಮರದ ಮೇಲಣ ಅಲೆ ಕೆಟ್ಟಾಗ

ಮರಗೆಲಸದಲ್ಲಿ ಒಂದು ಗೆರೆ ಕೆಟ್ಟಿತೆಂದರೆ ಕೂಡಲೆ ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳುವುದು ನಮ್ಮಲ್ಲಿ ಬಹುಕಾಲದ ರೂಢಿ. ಕೆಟ್ಟ ಗುರುತು ಕಣ್ಣಿಗೆ ಬೀಳದಂತೆ ಉಜ್ಜಿಬಿಟ್ಟರೆ ಕೆಲಸ ತೀರಿತೆಂಬ ಸಮಾಧಾನ. ಈ ರೂಢಿ ಸರಿಯಲ್ಲವೆಂದು ನಾವು ಇಲ್ಲಿ ವಾದಿಸಬಯಸುತ್ತೇವೆ. ಕೆಟ್ಟ ಗುರುತೆಂಬುದು ಯಂತ್ರವು ತನ್ನ ರೋಗವನ್ನು ತಾನೇ ಬರೆದುಕೊಟ್ಟ ಚೀಟಿ. ಅದನ್ನು ಓದುವುದಕ್ಕೆ ಮುನ್ನವೇ ಅಳಿಸಿದವನು ನಾಳೆ ಮತ್ತೊಂದು ಮರವನ್ನು ಕೆಡಿಸುವುದು ನಿಶ್ಚಯ. ಅದನ್ನು ಓದುವುದಕ್ಕೆ ಬೇಕಾದ ವಿದ್ಯೆ ಅಪೂರ್ವವಾದುದೇನೂ ಅಲ್ಲ. ಪಿ.ಯು. ತರಗತಿಯ ಭೌತಶಾಸ್ತ್ರದಲ್ಲಿ ಸರಳ ಸಂಗತ ಚಲನೆ, ತರಂಗ, ಕಂಪನ ಎಂಬ ಅಧ್ಯಾಯಗಳಿವೆಯಷ್ಟೆ. ಆ ಅಧ್ಯಾಯಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯ ಮನೆಯ ಹಿತ್ತಲಲ್ಲೇ ಅಲೆಗಳು ಕೆಡುತ್ತಿರುವುವು; ಆದರೆ ಎರಡಕ್ಕೂ ಸಂಬಂಧವಿದೆಯೆಂದು ಯಾರೂ ಅವನಿಗೆ ಹೇಳಿರುವುದಿಲ್ಲ. ನಮಗೆ ಚಿಂತೆಯಾಗಿರುವುದು ಮುಖ್ಯವಾಗಿ ಈ ಸಂಗತಿ.

ಪ್ರಸ್ತುತ ವಿಷಯ ಅಲಂಕಾರದ ಮರಗೆಲಸದ ಯಂತ್ರ. ತೊಟ್ಟಿಲಿನ ಕಂಬ, ಮಂಚದ ಕಾಲು, ಮಹಡಿಯ ಮೆಟ್ಟಿಲ ಬದಿಯ ಸಾಲುಗಂಬ ಮುಂತಾದವುಗಳ ಮೇಲೆ ಅಲೆ, ಸುರುಳಿ, ಹಗ್ಗದ ಹೊಸೆತ ಮೊದಲಾದ ಕೊರೆತಗಳನ್ನು ಮೂಡಿಸುವ ಯಂತ್ರವಿದು. ಇದರ ಗುಣದೋಷಗಳನ್ನು ವಿವೇಚಿಸುವುದಕ್ಕೆ ಮೊದಲು, ಸಾಮಾನ್ಯ ತಿರುಗಣಿಯಿಂದ ಆಗದ ಯಾವ ಕೆಲಸವನ್ನು ಇದು ಮಾಡುವುದೆಂಬುದನ್ನು ತಿಳಿಯಬೇಕು.

ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ದೇವಾಲಯದ ಮಂಟಪದಲ್ಲಿ ನುಣುಪಾದ ಕಂಬಗಳನ್ನು ಕಂಡಿರಬಹುದು. 1196ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಗುಡಿಯದು. ಬಳಪದ ಕಲ್ಲಿನ ಆ ಕಂಬಗಳನ್ನು ತಿರುಗಣಿಯಲ್ಲಿ ಕಡೆದುದೆಂದು ಹೇಳುವುದು ವಾಡಿಕೆ. ಅವುಗಳ ಮೈಮೇಲಿನ ಬಳೆಯಂಥ ಏಣುಗಳನ್ನು ನೋಡಿದರೆ ಆ ಮಾತು ಏಕೆ ಹುಟ್ಟಿತೆಂಬುದು ತಿಳಿಯುವುದು. ಕಂಬವನ್ನು ಎಷ್ಟು ಕಡೆ ಅಡ್ಡಕ್ಕೆ ಕೊಯ್ದು ನೋಡಿದರೂ ಕಾಣುವುದು ಒಂದೇ ಆಕೃತಿ, ಅದು ವೃತ್ತ. ಚನ್ನಪಟ್ಟಣದ ಹಾಲೆಮರದ ಬೊಂಬೆಗಳೂ ಹೀಗೆಯೇ. ಬಣ್ಣದ ಅರಗನ್ನು ತಿರುಗುವ ಮರಕ್ಕೆ ಒತ್ತಿದಾಗ ಹುಟ್ಟುವ ಪಟ್ಟೆಗಳೂ ವೃತ್ತಗಳೇ. ಒಂದೇ ಚಲನೆಯುಳ್ಳ ಯಂತ್ರ, ಅಂದರೆ ಮರ ತಿರುಗಿ ಉಳಿ ನಿಂತಿರುವ ಯಂತ್ರ, ವೃತ್ತವನ್ನಲ್ಲದೆ ಬೇರೇನನ್ನೂ ಕೊಡಲಾರದು.

ಅಲೆ ಬೇಕಾದರೆ ಎರಡನೆಯ ಚಲನೆಯೊಂದು ಬೇಕು. ಮರ ತಿರುಗುತ್ತಿರುವಾಗಲೇ ಉಳಿ ತಾಳಕ್ಕೆ ಸರಿಯಾಗಿ ಒಳಕ್ಕೂ ಹೊರಕ್ಕೂ ಹೋಗಿಬರಬೇಕು. ಯೂರೋಪಿನಲ್ಲಿ ಇದು 17ನೆಯ ಶತಮಾನದಷ್ಟು ಹಿಂದೆಯೇ ಸಾಧ್ಯವಾಯಿತು. ಜರ್ಮನಿಯ ನ್ಯೂರೆಂಬರ್ಗಿನಲ್ಲಿಯೂ ನೆದರ್ಲೆಂಡ್ಸಿನಲ್ಲಿಯೂ ಕರಿಮರದ ಚಿತ್ರಚೌಕಟ್ಟುಗಳ ಮೇಲೆ ನೀರಿನ ತೆರೆಗಳಂಥ ಸಾಲುಗಳನ್ನು ಕೊರೆಯುತ್ತಿದ್ದರು. ಅಲೆಯಂಚಿನ ಅಚ್ಚೊಂದರ ಮೇಲೆ ಮರದ ಪಟ್ಟಿಯನ್ನು ಸಾಗಿಸಿ, ಅದು ಕತ್ತಿಗೆ ಒಮ್ಮೆ ಹತ್ತಿರವಾಗಿ ಒಮ್ಮೆ ದೂರವಾಗುವಂತೆ ಮಾಡುವುದು ಅಂಥ ಯಂತ್ರದ ಉಪಾಯ. ಆ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ ಈ ಯಂತ್ರವನ್ನು ವರ್ಣಿಸಿದನು. 1701ರಲ್ಲಿ ಫ್ರಾನ್ಸಿನ ಪಾದ್ರಿ ಪ್ಲೂಮಿಯೆ ತಿರುಗಣಿಯ ಕಲೆಯನ್ನು ಕುರಿತು ಚಿತ್ರಸಹಿತವಾದ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಗಡಿಯಾರದ ಮುಖದ ಮೇಲೆಯೂ ನಮ್ಮ ಜೇಬಿನ ನೋಟುಗಳ ಮೇಲೆಯೂ ಕಾಣುವ ನವಿರಾದ ಬಳ್ಳಿಗೆರೆಗಳ ಜಾಲ ಇದೇ ವಂಶದ ಯಂತ್ರಗಳಿಂದ ಬಂದುದು. ನೋಟನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ; ಎರಡು ಚಲನೆಗಳು ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ಅದಕ್ಕಿಂತ ಅಗ್ಗದ ಪಾಠೋಪಕರಣ ಮತ್ತೊಂದಿಲ್ಲ.

ಈಗಿನ ಯಂತ್ರದ ರಚನೆ ಸ್ಥೂಲವಾಗಿ ಹೀಗಿರುವುದು. ಮರದ ತುಂಡು ಎರಡು ಮೊಳೆಗಳ ನಡುವೆ ಸಿಕ್ಕಿ ನಿಧಾನವಾಗಿ ತಿರುಗುವುದು. ಅದರ ಅಚ್ಚಿಗೆ ಜೋಡಿಸಿದ ಹಲ್ಲುಗಾಲಿಗಳು ಅಲೆಯಂಚಿನ ಬಿಲ್ಲೆಯೊಂದನ್ನು ತಿರುಗಿಸುವುವು. ಬಿಲ್ಲೆಯ ಅಂಚನ್ನು ಪುಟ್ಟ ಗಾಲಿಯೊಂದು ಸೋಕಿಕೊಂಡೇ ಇರುವುದು. ಇದನ್ನು ನಾವು ಸೋಕುಗಾಲಿ ಎಂದು ಕರೆಯೋಣ. ಅಂಚು ಉಬ್ಬಿದಾಗ ಸೋಕುಗಾಲಿ ಹಿಂದಕ್ಕೆ ಸರಿಯುವುದು, ತಗ್ಗಿದಾಗ ಬಿಗಿಸುರುಳಿ ಅದನ್ನು ಮುಂದಕ್ಕೆ ಎಳೆಯುವುದು. ಸೋಕುಗಾಲಿಯೊಡನೆಯೇ ಸರಿದಾಡುವ ಪೀಠದ ಮೇಲೆ ಬಡಗಿಗಳು ರೌಟರು ಎನ್ನುವ ವೇಗದ ಕೊರೆಯಂತ್ರವಿರುವುದು. ಕೈಹಿಡಿ ತಿರುಗಿಸಿದರೆ ಎಲ್ಲವೂ ಕೂಡಿ ನಡೆಯುವುವು.

ಚಿಕ್ಕಮಗಳೂರು ಜಿಲ್ಲೆಯ ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಹೆಸರಾದ ಊರು. ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವ ಆ ಕಡೆಯಲ್ಲಿ ಗಾಡಿ, ನೇಗಿಲು, ಬಾಗಿಲುಗಳ ಕೆಲಸ ಬಲ್ಲ ಬಡಗಿಗಳಿಗೆ ಕೊರತೆಯಿಲ್ಲ. ಅಂಥವರೊಬ್ಬರು ಸಾಲ ಮಾಡಿ ಮೇಲ್ಕಂಡ ಬಗೆಯ ಯಂತ್ರವೊಂದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ತೊಟ್ಟಿಲಿನ ಕಂಬಗಳ ಮೇಲೆ ಹನ್ನೆರಡು ಅಲೆಗಳ ಸುತ್ತು ಕೊರೆಯುವ ಕೆಲಸ ಅವರಿಗೆ ಒದಗಿತ್ತು. ಮೊದಲ ಕೆಲವು ಕಂಬಗಳು ಚೆನ್ನಾಗಿ ಬಂದುವು. ಆಮೇಲೆ ಒಂದು ದಿನದಿಂದ ಅಲೆ ಮೂಡುವುದೇ ನಿಂತುಹೋಯಿತು. ಅಲೆಯಿರಬೇಕಾದೆಡೆ ಮರ ಒರಟಾಗಿ, ಉಗುರು ಸವರಿದರೆ ಮಾತ್ರ ತಿಳಿಯುವ ಸಣ್ಣ ಸಣ್ಣ ಏಣುಗಳಿಂದ ತುಂಬಿರುತ್ತಿತ್ತು. ಯಂತ್ರ ಮಾರಿದವರನ್ನು ಕೇಳಿದರೆ ಮರ ಹಸಿಯಾಗಿದೆಯೆಂದರು. ಮರ ಕೊಟ್ಟವರು ರೌಟರಿನ ಮೋಟಾರು ಅದುರುತ್ತಿದೆಯೆಂದರು. ಮೋಟಾರು ರಿಪೇರಿಯವನು ಬಡಗಿಯ ಕೈ ಸರಿಯಿಲ್ಲವೆಂದನು. ಹೀಗೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಸೇರುತ್ತಿರುವಾಗ ಸಾಗುವಾನಿಯ ಒಂಬತ್ತು ತುಂಡುಗಳು ಒಲೆಯ ಪಾಲಾದುವು. ಯಂತ್ರವನ್ನು ಬಂದ ಬೆಲೆಗೆ ಮಾರಿ ಸಾಲ ತೀರಿಸಿಬಿಡುವುದೆಂದು ಅವರು ನಿಶ್ಚಯಿಸಿದ್ದ ಕಾಲದಲ್ಲಿ, ನಮ್ಮ ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗನ ಮೂಲಕ ಸಂಗತಿ ನಮ್ಮ ಕಿವಿಗೆ ಬಿದ್ದಿತು.

ನಾವು ಅವರನ್ನು ಕೇಳಿದುದು ಹತ್ತನೆಯ ತುಂಡನ್ನು. ಅದನ್ನು ಉಜ್ಜದೆ, ಸುಡದೆ ಇಟ್ಟಿರಬೇಕೆಂದಷ್ಟೆ ಕೇಳಿಕೊಂಡೆವು.

“ಅದರಾಗೆ ಏನೈತೆ ಮೇಷ್ಟ್ರೇ, ಹಾಳಾಗಿರೋ ಮರ,” ಎಂದರು ಆಚಾರ್ಯರು.

ಅದರಲ್ಲಿ ಇದ್ದುದು ಇಷ್ಟು. ಕಂಬದ ವ್ಯಾಸ 80 ಮಿಲಿಮೀಟರು. ಆದುದರಿಂದ ಸುತ್ತಳತೆ ಸುಮಾರು 251 ಮಿಲಿಮೀಟರು. ಹನ್ನೆರಡು ಅಲೆಗಳಿದ್ದಿದ್ದರೆ ಒಂದೊಂದರ ಉದ್ದ ಸುಮಾರು 21 ಮಿಲಿಮೀಟರಾಗಬೇಕಿತ್ತು. ಹಾಳಾದ ಭಾಗಕ್ಕೆ ತೆಳುವಾದ ಕಾಗದವನ್ನು ಸುತ್ತಿ, ಪೆನ್ಸಿಲಿನ ಪುಡಿಯನ್ನು ಮೆಲ್ಲನೆ ತೀಡಿದಾಗ ಏಣುಗಳ ಪಡಿಯಚ್ಚು ಮೂಡಿತು. ಕಾಗದವನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ವಿದ್ಯಾರ್ಥಿಗಳು ಎಣಿಸಿದರು. ಏಣುಗಳು ಎಲ್ಲೆಂದರಲ್ಲಿ ಇರಲಿಲ್ಲ. ಒಂದಕ್ಕೊಂದಕ್ಕೆ 3 ಮಿಲಿಮೀಟರಿಗಿಂತ ತುಸು ಹೆಚ್ಚು ದೂರವಿದ್ದು ಸಾಲು ಸಮವಾಗಿತ್ತು. ಅವುಗಳ ಸಂಖ್ಯೆ 80.

ಹಸಿ ಮರ ಸರಿಸಮನಾದ 80 ಏಣುಗಳನ್ನು ಕೊಡುವುದಿಲ್ಲ. ಕೈ ಸರಿಯಿಲ್ಲದ ಬಡಗಿಯೂ ಕೊಡುವುದಿಲ್ಲ. ಉಳಿದುದು ಮೋಟಾರಿನ ಅದುರಾಟ. ಇದನ್ನು ಪರೀಕ್ಷಿಸುವ ಉಪಾಯವೇ ಈ ಲೇಖನದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚಾಗಿ ಹೇಳಬಯಸುವ ವಿಷಯ. ವಾಚಕರು ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಕೊರೆತದಲ್ಲಿ ಮರುಕಳಿಸುವ ದೋಷಗಳು ಎರಡು ಜಾತಿ. ಒಂದು ಕಾಲಕ್ಕೆ ಕಟ್ಟುಬಿದ್ದ ದೋಷ. ಮೋಟಾರು, ಪೀಠ, ಮರ ಇವುಗಳಲ್ಲಿ ಯಾವುದಾದರೂ ಸೆಕೆಂಡಿಗೆ ಇಷ್ಟು ಸಾರಿ ಎಂದು ಅದುರುತ್ತಿದ್ದರೆ ಪ್ರತಿ ಅದುರಿಗೂ ಒಂದು ಗುರುತು ಬೀಳುವುದು. ಇನ್ನೊಂದು ದೂರಕ್ಕೆ ಕಟ್ಟುಬಿದ್ದ ದೋಷ. ಹಲ್ಲುಗಾಲಿ, ತಿರುಪುಸರಳು, ಬಿಲ್ಲೆ ಇವುಗಳ ಆಕಾರದಲ್ಲಿಯೇ ಅಥವಾ ಲೆಕ್ಕದಲ್ಲಿಯೇ ತಪ್ಪಿದ್ದರೆ, ಮರ ಇಷ್ಟು ತಿರುಗಿದಾಗ ಒಂದು ಗುರುತು ಎಂದು ಬೀಳುವುದು. ತಿರುಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದು ಅದಕ್ಕೆ ಸಂಬಂಧಿಸಿದುದಲ್ಲ. ಇವೆರಡನ್ನು ಬೇರ್ಪಡಿಸುವ ಬಗೆ ಅತಿ ಸುಲಭ. ಅದೇ ಕೊರೆತವನ್ನು ಅರ್ಧ ವೇಗದಲ್ಲಿ ಇನ್ನೊಮ್ಮೆ ಮಾಡಿ. ಗುರುತುಗಳ ನಡುವಣ ದೂರವೂ ಅರ್ಧವಾದರೆ ದೋಷ ಕಾಲದ್ದು. ಏಕೆಂದರೆ ಒಂದು ಅದುರಿನಿಂದ ಇನ್ನೊಂದು ಅದುರಿನೊಳಗೆ ಮರ ಸಾಗಿದ ದೂರ ಅರ್ಧವಾಗಿರುವುದು. ದೂರ ಬದಲಾಗದೆ ಮೊದಲಿದ್ದಷ್ಟೇ ಉಳಿದರೆ ದೋಷ ಯಂತ್ರದ ಅಂಗಗಳ ಲೆಕ್ಕದ್ದು. ತರಂಗದ ಉದ್ದ ವೇಗವನ್ನು ಆವೃತ್ತಿಯಿಂದ ಭಾಗಿಸಿದಷ್ಟು ಎಂಬ ಸೂತ್ರವನ್ನು ನೀವು ಹತ್ತಾರು ಸಾರಿ ಬರೆದಿದ್ದೀರಿ. ಅದರಿಂದ ಆಗುವ ಕೆಲಸ ಇಂಥದು.

ಕಂಬವನ್ನು 3 ಸೆಕೆಂಡಿಗೆ ಒಂದು ಸುತ್ತಿನಂತೆ ಒಮ್ಮೆ, 6 ಸೆಕೆಂಡಿಗೆ ಒಂದು ಸುತ್ತಿನಂತೆ ಒಮ್ಮೆ ತಿರುಗಿಸಿ ಕೊರೆದು ನೋಡಿದಾಗ ಏಣುಗಳ ಅಂತರ ಒಂದಿಷ್ಟೂ ಬದಲಾಗಲಿಲ್ಲ. ಮೋಟಾರು ನಿರಪರಾಧಿಯೆಂದು ಇಷ್ಟರಿಂದಲೇ ಸಿದ್ಧವಾಯಿತು. ಲೆಕ್ಕದಿಂದಲೂ ಅದು ತಿಳಿಯುವುದು. ರೌಟರು ನಿಮಿಷಕ್ಕೆ 18,000 ಸುತ್ತು, ಅಂದರೆ ಸೆಕೆಂಡಿಗೆ 300 ಸುತ್ತು ತಿರುಗುವುದು. ಮರದ ಮೈ ಸೆಕೆಂಡಿಗೆ ಸುಮಾರು 84 ಮಿಲಿಮೀಟರು ಸಾಗುವುದು. ಮೋಟಾರಿನ ಸುತ್ತಿಗೊಂದರಂತೆ ಗುರುತು ಬಿದ್ದಿದ್ದರೆ ಅವುಗಳ ನಡುವಣ ದೂರ 0.28 ಮಿಲಿಮೀಟರಾಗಬೇಕು. ಕಂಡದ್ದು ಅದರ ಹನ್ನೊಂದರಷ್ಟು.

ಹಾಗಾದರೆ 80 ಎಲ್ಲಿಂದ ಬಂತು? ಬಿಲ್ಲೆಯ ಅಂಚಿನಲ್ಲಿ ನಾಲ್ಕು ಉಬ್ಬುಗಳಿದ್ದುವು. ಮರದ ಅಚ್ಚಿನ ಮೇಲೆ 60 ಹಲ್ಲಿನ ಗಾಲಿ, ಬಿಲ್ಲೆಯ ಅಚ್ಚಿನ ಮೇಲೆ 20 ಹಲ್ಲಿನ ಗಾಲಿ. ಮರ ಒಂದು ಸುತ್ತು ತಿರುಗಿದರೆ ಬಿಲ್ಲೆ ಮೂರು ಸುತ್ತು. ಮೂರು ನಾಲ್ಕಲೆ ಹನ್ನೆರಡು ಅಲೆ. ಇದು ಯಂತ್ರದ ಜೊತೆಗೆ ಬಂದಿದ್ದ ಲೆಕ್ಕ. ಮುರಿದ ಗಾಲಿಯೊಂದನ್ನು ಬದಲಿಸಿದ್ದುಂಟೆ ಎಂದು ಕೇಳಿದಾಗ ಆಚಾರ್ಯರು ಒಡನೆಯೇ ಒಪ್ಪಿದರು. ಪೇಟೆಯಲ್ಲಿ ಅದರಂತೆಯೇ ಇದ್ದ ಇನ್ನೊಂದನ್ನು ತಂದು ಹಾಕಿದ್ದರು. ಗಾಲಿಗಳ ನಡುವಣ ದೂರವನ್ನು ಸರಿಸಬಹುದಾದ ತೋಳೊಂದಿದ್ದುದರಿಂದ ಅದು ಸೊಗಸಾಗಿ ಕೂತಿತ್ತು. ಎಣಿಸಿದರೆ ಹಲ್ಲು 21.

ಈಗ ಲೆಕ್ಕ ನೋಡಿ. ಮರದ ಒಂದು ಸುತ್ತಿಗೆ ಬಿಲ್ಲೆ 60ನ್ನು 21ರಿಂದ ಭಾಗಿಸಿದಷ್ಟು ಸುತ್ತು ತಿರುಗುವುದು. ಅದನ್ನು ನಾಲ್ಕರಿಂದ ಗುಣಿಸಿದರೆ ಅಲೆಗಳು ಹನ್ನೊಂದು ಮತ್ತು ಏಳರಲ್ಲಿ ಮೂರು. ಎರಡನೆಯ ಸುತ್ತು ಮೊದಲಾಗುವಾಗ ಉಳಿಯು ಮೊದಲ ಸುತ್ತಿನ ಹಳ್ಳದೊಳಗೆ ಇಳಿಯದೆ, ಅದರಿಂದ ಏಳರಲ್ಲಿ ಮೂರು ಅಲೆಯಷ್ಟು ಸರಿದು, ಹೆಚ್ಚು ಕಡಮೆ ದಿಬ್ಬದ ನೆತ್ತಿಯ ಮೇಲೆಯೇ ಇಳಿಯುವುದು. ಮೊದಲ ಸುತ್ತಿನಲ್ಲಿ ಮೂಡಿದುದನ್ನು ಎರಡನೆಯ ಸುತ್ತು ಕೆರೆಯುವುದು, ಅದರಲ್ಲಿ ಉಳಿದುದನ್ನು ಮೂರನೆಯದು. ಏಳು ಸುತ್ತು ಮುಗಿದಾಗ ಸರಿಯಾಗಿ ಎಂಬತ್ತು ಅಲೆಗಳಾಗಿ ಉಳಿಯು ಹೊರಟ ಜಾಗಕ್ಕೇ ಬಂದು ಸೇರುವುದು. ಆಗ ಮರದ ಮೇಲೆ ಉಳಿಯುವುದು ಎಂಬತ್ತು ಹಳ್ಳಗಳ ನಡುವಣ ಎಂಬತ್ತು ಏಣುಗಳು ಮಾತ್ರ. ಅವುಗಳ ಎತ್ತರವನ್ನೂ ಕಾಣಬಹುದು. ಬಿಲ್ಲೆಯ ಉಬ್ಬುತಗ್ಗುಗಳಿಂದ ಅಲೆಯ ನೆತ್ತಿಗೂ ತಳಕ್ಕೂ 4 ಮಿಲಿಮೀಟರು ಅಂತರ ಬರಬೇಕಾಗಿದ್ದರೆ, ಏಳು ಸುತ್ತಿನ ತರುವಾಯ ಉಳಿಯುವ ಏಣಿನ ಎತ್ತರ ಸುಮಾರು 0.2 ಮಿಲಿಮೀಟರು. ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಿ ನೋಡಲಿ; π/7ರ ಕೋಸೈನು ಬೇಕಾಗುವುದೆಂದು ಮಾತ್ರ ಸುಳಿವು ಕೊಡುತ್ತೇವೆ.

ಒಂದು ಹಲ್ಲು ಹೆಚ್ಚಾದುದಕ್ಕೆ ಒಂಬತ್ತು ತುಂಡು ಸಾಗುವಾನಿ! ಹೊಸ ಗಾಲಿ ಬರುವವರೆಗೆ ಕಾಯಲೊಲ್ಲದೆ, ಗಾಲಿ ಮಾಡಿಸಿಕೊಡುವವರು ಸಿಕ್ಕದಿದ್ದರೆ ಏನು ಗತಿಯೆಂದು ಆಚಾರ್ಯರು ಕೇಳಿದರು. ಮೇಲಣ ಗಾಲಿಯನ್ನು 63 ಹಲ್ಲಿನದಾಗಿ ಬದಲಿಸಿದರೂ ಆದೀತು, 63ನ್ನು 21 ಸರಿಯಾಗಿ ಮೂರು ಸಾರಿ ಭಾಗಿಸುವುದೆಂದು ಉತ್ತರ ಕೊಟ್ಟವನು ಅವರ ಮಗ.

ಇಲ್ಲಿ ಒಂದು ಮಾತನ್ನು ಹೇಳದೆ ಬಿಡಲಾರೆವು. ಹೀಗೆ ಅಲೆ ಜಾರುವುದು ಯಾವಾಗಲೂ ದೋಷವೆಂದು ತಿಳಿಯಬಾರದು. ಉಳಿಯನ್ನು ಸುತ್ತಿಗಿಷ್ಟರಂತೆ ಕಂಬದ ಉದ್ದಕ್ಕೆ ಸರಿಸುತ್ತ, ಸುತ್ತಿಗೆ ಹನ್ನೊಂದೂವರೆ ಅಲೆ ಬರುವಂತೆ ಬೇಕೆಂದೇ ಗಾಲಿಗಳನ್ನು ಜೋಡಿಸಿದರೆ, ಒಂದು ಸಾಲಿನ ದಿಬ್ಬದ ಪಕ್ಕಕ್ಕೆ ಮುಂದಿನ ಸಾಲಿನ ಹಳ್ಳ ಬಂದು ಕೂರುವುದು. ಆಗ ಮರದ ಮೈ ಬಿದಿರಿನ ಬುಟ್ಟಿಯ ಹೆಣಿಗೆಯಂತೆ ಕಾಣುವುದು. ಬಹಳ ಚೆಲುವಾದ ಕೆಲಸವದು.

ಇನ್ನು ಬೇರೆ ದೋಷಗಳು. ಅಲೆಗಳ ಸಂಖ್ಯೆ ಸರಿಯಿದ್ದು ಆಕಾರ ಮಾತ್ರ ಕೆಡುವುದುಂಟು. ಹಳ್ಳಗಳು ಅಗಲವಾಗಿ, ದಿಬ್ಬಗಳು ಗರಗಸದ ಹಲ್ಲಿನಂತೆ ಚೂಪಾಗಿ ಬರುವುವು. ಇದು ಉಳಿಯ ಗಾತ್ರದ ತೊಡಕು. ಅಲೆಯ ನೆತ್ತಿಯಲ್ಲಿ ಅದರ ವಕ್ರತಾ ತ್ರಿಜ್ಯ ಎಷ್ಟೆಂದು ಲೆಕ್ಕ ಹಾಕಬಹುದು: ಅಲೆಯುದ್ದದ ವರ್ಗವನ್ನು, π ವರ್ಗದ ನಾಲ್ಕರಷ್ಟನ್ನು ಪಾರದಿಂದ ಗುಣಿಸಿ ಬಂದುದರಿಂದ ಭಾಗಿಸಬೇಕು. ನಮ್ಮ ಕಂಬದಲ್ಲಿ ಅಲೆಯುದ್ದ 21, ಪಾರ 2 ಮಿಲಿಮೀಟರು. ಕಂಬದ ಬಾಗನ್ನು ಲೆಕ್ಕಿಸದೆ ಬಿಟ್ಟರೆ ವಕ್ರತಾ ತ್ರಿಜ್ಯ ಸುಮಾರು 5.6 ಮಿಲಿಮೀಟರು. ಅಲೆಯ ದಿಕ್ಕಿನಲ್ಲಿ ಉರುಳುವ ಕೊರೆಯ ತ್ರಿಜ್ಯ ಇದಕ್ಕಿಂತ ಹೆಚ್ಚಾದರೆ ದಿಬ್ಬದ ಈಚೆಯ ಹಳ್ಳವನ್ನು ಕೊರೆಯುವಾಗಲೇ ಕೊರೆಯ ಹೊಟ್ಟೆ ದಿಬ್ಬದ ನೆತ್ತಿಯನ್ನೂ ಸವರಿಕೊಂಡು ಹೋಗುವುದು. 3 ಮಿಲಿಮೀಟರು ತ್ರಿಜ್ಯದ ಕೊರೆ ಸಲ್ಲುವುದು, 8 ಮಿಲಿಮೀಟರಿನದು ಸಲ್ಲದು. ಸೋಕುಗಾಲಿಗೂ ಇದೇ ಕಟ್ಟು. ಬಿಲ್ಲೆಯ ತಗ್ಗಿನಲ್ಲಿ ಹಿಡಿಸದಷ್ಟು ದೊಡ್ಡ ಗಾಲಿ ತಗ್ಗಿನ ತಳವನ್ನು ಮುಟ್ಟುವುದೇ ಇಲ್ಲ. ಬೀಗದ ಕೈಗಳ ನಕಲು ತೆಗೆಯುವ ಅಂಗಡಿಯಲ್ಲಿ ಹಳೆಯ ಕೈಯನ್ನು ಸೋಕುವ ಮೊನೆಯೂ ಹೊಸ ಕೈಯನ್ನು ಕೊರೆಯುವ ಚಕ್ರದ ಅಂಚೂ ಒಂದೇ ಆಕಾರದಲ್ಲಿರುವುದನ್ನು ಗಮನಿಸಿ. ಕಾರಣ ಇದೇ.

ನಿಧಾನವಾಗಿ ತಿರುಗಿಸಿದಾಗ ಚೆನ್ನಾಗಿ ಬಂದ ಅಲೆ ಬೇಗ ತಿರುಗಿಸಿದಾಗ ಹಳ್ಳಗಳಲ್ಲಿ ಮಾತ್ರ ಕೆಡುವುದಾದರೆ, ಬಿಗಿಸುರುಳಿ ಸೋತಿದೆಯೆಂದು ತಿಳಿಯಬೇಕು. ಸರಳ ಸಂಗತ ಚಲನೆಯಲ್ಲಿ ಗರಿಷ್ಠ ವೇಗೋತ್ಕರ್ಷವು ಆವೃತ್ತಿಯ ವರ್ಗಕ್ಕೆ ಅನುಪಾತದಲ್ಲಿರುವುದು. ಪೀಠದ ರಾಶಿ 6 ಕಿಲೋಗ್ರಾಂ, ಪಾರ 2 ಮಿಲಿಮೀಟರು, ಸೆಕೆಂಡಿಗೆ 4 ಅಲೆ ಎಂದಿಟ್ಟುಕೊಂಡರೆ, ಸೋಕುಗಾಲಿ ಬಿಲ್ಲೆಯನ್ನು ಬಿಡದಿರಲು ಸುರುಳಿಯು ಕೊಡಬೇಕಾದ ಬಲ ಸುಮಾರು 7.6 ನ್ಯೂಟನ್. ಸೆಕೆಂಡಿಗೆ 8 ಅಲೆಯಾದರೆ ಅದು ನಾಲ್ಕು ಪಟ್ಟು ಹೆಚ್ಚಿ 30 ನ್ಯೂಟನ್ ಆಗುವುದು. 20 ನ್ಯೂಟನ್ ಬಲದ ಸುರುಳಿ ಮೊದಲ ವೇಗಕ್ಕೆ ಧಾರಾಳವಾಗಿ ಸಾಕು, ಎರಡನೆಯದಕ್ಕೆ ಸಾಲದು. ಸೋಕುಗಾಲಿ ಉಬ್ಬಿನಿಂದ ಹಾರಿ ತಗ್ಗನ್ನು ತಪ್ಪಿಸಿ ಮುಂದೆಲ್ಲೋ ಬೀಳುವುದು. ವೇಗ ಎರಡರಷ್ಟಾದರೆ ತೊಂದರೆ ಎರಡರಷ್ಟಾಗುವುದೆಂದೇ ಜನ ಊಹಿಸುವರು. ಈ ವರ್ಗದ ನಿಯಮ ಕೈಗೆ ಹತ್ತುವುದು ಹೀಗೆ ಮರ ಕೆಟ್ಟಾಗಲೇ.

ಯಂತ್ರಗಾರರು ‘ಪ್ಲೇ’ ಎಂದು ಕರೆಯುವ ಸಡಲಿಕೆಯ ಗುರುತು ಬೇರೆ. ಒಂದು ದಿಕ್ಕಿನಲ್ಲಿ ತಿರುಗಿಸಿ ಕೊರೆದುದಕ್ಕೂ ಹಿಂದಕ್ಕೆ ತಿರುಗಿಸಿ ಕೊರೆದುದಕ್ಕೂ ಹೊಂದಾಣಿಕೆಯಿರುವುದಿಲ್ಲ. ಅಚ್ಚಿನಲ್ಲಿ ಒಂದೇ ಒಂದು ಡಿಗ್ರಿ ಸಡಲಿಕೆಯಿದ್ದರೆ 80 ಮಿಲಿಮೀಟರು ವ್ಯಾಸದ ಕಂಬದ ಮೈಯಲ್ಲಿ ಅದು 0.7 ಮಿಲಿಮೀಟರು. ಕಂಬ ದಪ್ಪವಾದಷ್ಟೂ ದೋಷ ಎದ್ದು ಕಾಣುವುದು; ಸಣ್ಣ ಕಡ್ಡಿಯ ಮೇಲೆ ಪರೀಕ್ಷಿಸಿ ಯಂತ್ರ ಸರಿಯಾಗಿದೆಯೆಂದು ಹೇಳಿಹೋಗುವವರನ್ನು ನಂಬಬಾರದು. ಕೊನೆಯ ಕೊರೆತವನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ಮುಗಿಸುವುದು ಇದಕ್ಕೆ ಸುಲಭವಾದ ಪರಿಹಾರ.

ಸುತ್ತಿಗೊಮ್ಮೆ ಅಲೆ ಆಳವಾಗಿ ಮತ್ತೊಮ್ಮೆ ತೆಳುವಾದರೆ ಮರ ನಡುಮೊಳೆಗೆ ಸರಿಯಾಗಿ ಕೂತಿಲ್ಲ. ಸುತ್ತಿಗೆ ಎರಡು ಸಾರಿ ಹಾಗಾದರೆ ಮರವೇ ಅಂಡಾಕಾರಕ್ಕೆ ತಿರುಗಿದೆ. ಮರ ಒಣಗುವಾಗ ವರ್ಷದ ಉಂಗುರಗಳ ದಿಕ್ಕಿನಲ್ಲಿ ಕುಗ್ಗುವಷ್ಟು ಕೇಂದ್ರದಿಂದ ಹೊರಮೈಗೆ ಹೋಗುವ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಹಲವು ಮರಗಳಲ್ಲಿ ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು. ಮಳೆಗಾಲದಲ್ಲಿ ದುಂಡಗೆ ಕಡೆದಿಟ್ಟ ಕಂಬವನ್ನು ಬೇಸಗೆಯಲ್ಲಿ ಅಳೆದು ನೋಡಿದರೆ ಇದು ಕಾಣುವುದು. ಉದ್ದನೆಯ ಸಣಕಲು ಕಂಬದ ನಡುಭಾಗದಲ್ಲಿ ಅಲೆ ತೆಳುವಾಗುವುದಕ್ಕೆ ಬೇರೊಂದು ಕಾರಣ, ಮರದ ಬಾಗು. ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು, ದಪ್ಪ ಅರ್ಧವಾದರೆ ಹದಿನಾರರಷ್ಟು. ನಡುವೆ ಒಂದು ಆನಿಕೆ ಕೊಡಬೇಕು, ಅಷ್ಟೆ.

ಕಾಲಕ್ಕೆ ಕಟ್ಟುಬಿದ್ದ ಅದುರುಗೆರೆಗಳು ಇವೆಲ್ಲಕ್ಕಿಂತ ಕುಟಿಲವಾದುವು. ಲೋಹ ಕಡೆಯುವ ಕಲೆಯನ್ನು ದಶಕಗಳ ಕಾಲ ಪರೀಕ್ಷಿಸಿದ ಅಮೆರಿಕದ ಫ್ರೆಡರಿಕ್ ಟೇಲರ್ ಕೂಡ 1907ರಲ್ಲಿ ಈ ಅದುರಾಟವನ್ನು ಅತ್ಯಂತ ಅಸ್ಪಷ್ಟವಾದ ಸಮಸ್ಯೆಯೆಂದೇ ಎಣಿಸಿದ್ದನು. ಟೋಬಿಯಾಸ್, ಟ್ಲುಸ್ಟಿ ಮೊದಲಾದವರಿಂದ ಅದರ ಬಗೆ ತಿಳಿಯಾದುದು 1950ರ ದಶಕದ ಹೊತ್ತಿಗೆ. ಒಂದು ಸುತ್ತಿನಲ್ಲಿ ಉಳಿ ಬಿಟ್ಟುಹೋದ ಸಣ್ಣ ಏರಿಳಿತ ಮುಂದಿನ ಸುತ್ತಿನಲ್ಲಿ ಉಳಿಯನ್ನೇ ಕುಣಿಸುವುದು, ಆ ಕುಣಿತ ಏರಿಳಿತವನ್ನು ಇನ್ನಷ್ಟು ಬೆಳೆಸುವುದು. ಊರಿನ ಮಣ್ಣುರಸ್ತೆಯಲ್ಲಿ ಬಸ್ಸು ಲಾರಿಗಳು ಓಡಾಡಿ ಅಡ್ಡ ಅಡ್ಡಕ್ಕೆ ತಗಡಿನಂಥ ಅಲೆಗಳು ಏಳುವುದನ್ನು ಕಂಡಿದ್ದೀರಲ್ಲವೆ? ಇದು ಅದರ ಹತ್ತಿರದ ನೆಂಟ. ರಸ್ತೆಯಲ್ಲಿ ಒಂದು ಮಿತಿಗಿಂತ ಕಡಮೆ ವೇಗದಲ್ಲಿ ಅಲೆ ಏಳುವುದೇ ಇಲ್ಲ. ಜಾತ್ರೆಯ ದಾರಿಯಲ್ಲಿ ಸಾವಕಾಶವಾಗಿ ಹೋಗುವ ಎತ್ತಿನ ಗಾಡಿಗಳ ಮೇಲೆ ಆ ಅಪವಾದ ಹೊರಿಸುವಂತಿಲ್ಲ. ಮರಗೆಲಸದಲ್ಲಿಯೂ ಕೊರೆತದ ಆಳವನ್ನು ತಗ್ಗಿಸಿ, ವೇಗವನ್ನು ಬದಲಿಸಿ ನೋಡುವುದು ಮೊದಲ ಮದ್ದು.

ಗಣಕಯಂತ್ರ ನಡೆಸುವ ಕೊರೆಯಂತ್ರಗಳು ಬಂದ ಮೇಲೆ ಇವೆಲ್ಲ ಹಳೆಯ ಪುರಾಣವಲ್ಲವೆ ಎಂದು ಕೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅಂಥ ಯಂತ್ರಗಳಲ್ಲಿ ಹಲ್ಲುಗಾಲಿಗಳ ಜಾಗಕ್ಕೆ ಸಂಖ್ಯೆಗಳು ಬಂದಿವೆ, ಲೆಕ್ಕ ಹೋಗಿಲ್ಲ. ಸುತ್ತಿಗೆ ಏಳು ಅಲೆ ಬೇಕೆಂದು 360ನ್ನು 7ರಿಂದ ಭಾಗಿಸಿ, 51.4 ಡಿಗ್ರಿ ಎಂದು ದಶಮಾಂಶದ ಒಂದೇ ಸ್ಥಾನಕ್ಕೆ ನಿಲ್ಲಿಸಿದವನಿಗೆ ಸುತ್ತಿನ ಕೊನೆಯಲ್ಲಿ 0.2 ಡಿಗ್ರಿ ಕಡಮೆ ಬೀಳುವುದು. ನಮ್ಮ ಕಂಬದ ಮೇಲೆ ಅದು 0.14 ಮಿಲಿಮೀಟರು. ಹತ್ತು ಸುತ್ತು ಅದೇ ಜಾಡಿನಲ್ಲಿ ಕೊರೆದರೆ 1.4 ಮಿಲಿಮೀಟರು ಜಾರಿರುವುದು. ಸುತ್ತಿಗೆ 200 ಹೆಜ್ಜೆಯಿಡುವ ಮೋಟಾರು, 5 ಮಿಲಿಮೀಟರು ನಡೆಯುವ ತಿರುಪುಸರಳು ಎಂದಿಟ್ಟುಕೊಂಡರೆ ಒಂದು ಹೆಜ್ಜೆ 0.025 ಮಿಲಿಮೀಟರು, ಗಂಟು ಸಿಕ್ಕಿ ಮೋಟಾರು ನಲವತ್ತು ಹೆಜ್ಜೆ ತಪ್ಪಿದರೆ ಆಮೇಲಿನ ಅಲೆಗಳೆಲ್ಲ ಒಂದು ಮಿಲಿಮೀಟರು ಆಚೆ. ಪರದೆ ಮಾತ್ರ ಎಲ್ಲವೂ ಸರಿಯಾಗಿದೆಯೆಂದೇ ತೋರಿಸುತ್ತಿರುವುದು. ಆಗಲೂ ಸತ್ಯ ಹೇಳುವುದು ಮರವೇ. ಹಲ್ಲುಗಾಲಿಯ ಹಲ್ಲನ್ನು ಕಣ್ಣಿನಿಂದ ಎಣಿಸಬಹುದಿತ್ತು. ಪೆಟ್ಟಿಗೆಯೊಳಗಣ ತಪ್ಪು ಅಷ್ಟೂ ಕಾಣದಾದುದರಿಂದ ಕೊರೆತವನ್ನು ಓದುವ ವಿದ್ಯೆ ಇನ್ನೂ ಹೆಚ್ಚು ಅಗತ್ಯವೆಂದೇ ನಮ್ಮ ಅಭಿಪ್ರಾಯ.

ಆದರೆ ಆ ವಿದ್ಯೆಯನ್ನು ಕಲಿಸುವವರಾರು? ನಮ್ಮ ಪ್ರಯೋಗಶಾಲೆಗಳಲ್ಲಿ ಲೋಲಕದ ಪ್ರಯೋಗವನ್ನು ವಿದ್ಯಾರ್ಥಿಗಳು ವರ್ಷ ವರ್ಷವೂ ಮಾಡುವರು. ಉತ್ತರ 9.8ಕ್ಕೆ ಹತ್ತಿರ ಬರಬೇಕೆಂದು ಅವರಿಗೆ ಮೊದಲೇ ಗೊತ್ತು. ಹತ್ತಿರ ಬಾರದಿದ್ದರೆ ಅಂಕಿಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುವುದೂ ಗೊತ್ತು. ಉತ್ತರ ಗೊತ್ತಿರುವ ಪ್ರಯೋಗ ಕೈಯನ್ನು ಪಳಗಿಸೀತು, ಬುದ್ಧಿಯನ್ನು ಪಳಗಿಸದು. 80 ಏಣುಗಳನ್ನು ಎಣಿಸಿದ ದಿನ ಅದೇ ವಿದ್ಯಾರ್ಥಿಗಳು ಎರಡು ಸಾರಿ, ಬೇರೆ ಬೇರೆ ಜನ, ಯಾರೂ ಹೇಳದೆಯೇ ಮರುಎಣಿಕೆ ಮಾಡಿದರು. 79 ಆಗಿದ್ದರೆ ಅರ್ಥವೇ ಬೇರೆಯಾಗುತ್ತಿತ್ತು, 81 ಆಗಿದ್ದರೂ ಬೇರೆ. ಯಾವ ಪುಸ್ತಕದ ಹಿಂಬದಿಯಲ್ಲಿಯೂ ಅದರ ಉತ್ತರ ಇರಲಿಲ್ಲ.

ಇನ್ನೊಂದು ಆಕ್ಷೇಪವಿದೆ. ಬಡಗಿಯ ಯಂತ್ರ ರಿಪೇರಿ ಮಾಡುವುದು ಐ.ಟಿ.ಐ.ಯ ಕೆಲಸ, ಪದವಿ ಕಾಲೇಜಿನ ಕೆಲಸವಲ್ಲವೆಂದು ನಮ್ಮ ವೃತ್ತಿಬಾಂಧವರಲ್ಲಿ ಕೆಲವರು ಹೇಳುವುದುಂಟು. ಈ ಮಾತಿನ ಹಿಂದೆ ಇರುವುದು ಕೈಗೆಲಸವನ್ನು ಕೀಳೆಂದು ಭಾವಿಸುವ ಹಳೆಯ ಚಾಳಿಯಲ್ಲದೆ ಬೇರೇನೂ ಅಲ್ಲವೆಂದು ನಮಗೆ ತೋರುವುದು. ಗಾಲಿ ಬದಲಿಸುವುದು ಆಚಾರ್ಯರ ಕೆಲಸ, ಅದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಯಾವ ಗಾಲಿ ಎಂಬ ಪ್ರಶ್ನೆ ಭೌತಶಾಸ್ತ್ರದ್ದು. ಮನೆಗೆ ಎರಡು ಮೈಲಿ ದೂರದ ಕಾಲೇಜಿನಲ್ಲಿ ಈ ಪ್ರಶ್ನೆಗೆ ಉತ್ತರವಿದ್ದೂ, ಅದನ್ನು ಅಲ್ಲಿ ಕೇಳಬಹುದೆಂದು ಒಬ್ಬ ಗೃಹಸ್ಥನಿಗೆ ಹೊಳೆಯಲೇ ಇಲ್ಲವೆಂದರೆ ಆ ಕಾಲೇಜು ಊರಿನಲ್ಲಿ ಇದ್ದೂ ಇಲ್ಲದಂತೆ.

ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಿನ ಕಾಲೇಜುಗಳಿಗೆ ನಮ್ಮ ಸಲಹೆ ಹೆಚ್ಚು ಖರ್ಚಿನದಲ್ಲ. ತಿಂಗಳಿಗೊಂದು ಶನಿವಾರದ ಮಧ್ಯಾಹ್ನ ಪ್ರಯೋಗಶಾಲೆಯ ಬಾಗಿಲನ್ನು ಊರಿನ ಕಸಬುದಾರರಿಗಾಗಿ ತೆರೆದಿಡಲಿ. ಹೊಲಿಗೆಯಂತ್ರ, ಹಿಟ್ಟಿನ ಗಿರಣಿ, ಪಂಪುಸೆಟ್ಟು, ರೌಟರು, ಏನೇ ಬರಲಿ. ವಿದ್ಯಾರ್ಥಿಗಳು ಅಳೆದು, ಎಣಿಸಿ, ವೇಗ ಬದಲಿಸಿ ನೋಡಲಿ. ಬೇಕಾದ ಸಾಮಗ್ರಿ ಕಾಗದದ ಪಟ್ಟಿ, ಪೆನ್ಸಿಲಿನ ಪುಡಿ, ಅಳತೆಯ ಟೇಪು, ಕಾಲಮಾಪಕ, ಒಂದು ವರ್ನಿಯರು. ಎಲ್ಲ ಕಾಲೇಜುಗಳ ಕಪಾಟಿನಲ್ಲಿಯೂ ಇವು ಇವೆ. ಅಂಕಗಳಿಗೆ ಇದನ್ನು ಸೇರಿಸಬಾರದೆಂಬುದು ನಮ್ಮ ಖಚಿತವಾದ ಮತ. ಸೇರಿಸಿದೊಡನೆ ಇದೂ 9.8 ಆಗಿಬಿಡುವುದು.

ಬಡಗಿಗಳಲ್ಲಿ ನಮ್ಮ ಕೋರಿಕೆ ಒಂದೇ. ಅಲೆ ಕೆಟ್ಟ ತುಂಡನ್ನು ಒಲೆಗೆ ಹಾಕಬೇಡಿರಿ. ಅದರ ಹಿಂಬದಿಯಲ್ಲಿ ದಿನಾಂಕ, ಹಾಕಿದ್ದ ಗಾಲಿಗಳ ಹಲ್ಲಿನ ಸಂಖ್ಯೆ, ಕೊರೆಯ ಅಳತೆ, ಒಂದು ಸುತ್ತಿಗೆ ಹಿಡಿದ ಹೊತ್ತು, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದು ಅಟ್ಟದ ಮೇಲೆ ಇಡಿರಿ. ಅಂತರಘಟ್ಟೆಯ ಆಚಾರ್ಯರು ಈಗ ಹಾಗೆ ಇಡುತ್ತಿದ್ದಾರೆ. ಕಳೆದ ಸಲ ನಾವು ಹೋದಾಗ ಸಾಲಿನಲ್ಲಿ ನಾಲ್ಕು ತುಂಡುಗಳಿದ್ದುವು, ನಾಲ್ಕನೆಯದರ ಮೇಲೆ ಸುರುಳಿ ಬಿಗಿ ಸಾಲದು ಎಂದು ಅವರೇ ಬರೆದಿದ್ದರು.